ದವಡೆಯೊಳಗಿನ ರಕ್ತದ ಓಟ



“ಹಲ್ಲು ಅಲ್ಲಾಡ್ತೈತೆ ಸಾರ್, ಕಿತ್ತಾಕಿಬಿಡ್ರಿ.” ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಈ ಸೀಮೆಯ ಯಾವ ಹಲ್ಲಿನ ಆಸ್ಪತ್ರೆಯಲ್ಲಿ ಕೂತರೂ ಕೇಳಿಬರುವ ಮಾತಿದು. ಬಹುಪಾಲು ಸಲ ಆ ಕೋರಿಕೆಯಲ್ಲಿ ತಪ್ಪೇನೂ ಇರುವುದಿಲ್ಲ. ವಸಡಿನ ರೋಗದಿಂದ ಬುಡ ಸಡಿಲವಾದ ಹಲ್ಲು. ಮರಗಟ್ಟುವ ಸೂಜಿ ಕೊಟ್ಟು ಕಿತ್ತರೆ ರೋಗಿ ಅರ್ಧ ಗಂಟೆ ಹತ್ತಿ ಕಚ್ಚಿಕೊಂಡು ಕೂತು ಬಸ್ಸು ಹತ್ತುತ್ತಾನೆ. ಆದರೆ ಬಲು ಅಪರೂಪಕ್ಕೆ, ಹುಳುಕೂ ಇಲ್ಲದ, ಕೀವೂ ಇಲ್ಲದ ಹಲ್ಲೊಂದು ಎಳೆಯ ವಯಸ್ಸಿನಲ್ಲೇ ಅಲ್ಲಾಡತೊಡಗುತ್ತದೆ. ಅದರ ಕೆಳಗಿನ ಮೂಳೆಯೊಳಗೆ ಅಪಧಮನಿಯೊಂದು ಅಭಿಧಮನಿಗೆ ನೇರವಾಗಿ ಕೂಡಿಕೊಂಡಿರುತ್ತದೆ. ಆ ಹಲ್ಲು ಅಷ್ಟು ದಿನ ಬಿರಡೆಯಾಗಿ ಕೂತಿತ್ತು ಎಂಬುದು ಕಿತ್ತ ಮೇಲೆ ಗೊತ್ತಾದರೆ ತಡವಾಯಿತು. ಅಪಧಮನಿಯ ಒತ್ತಡದಲ್ಲೇ ರಕ್ತ ಬಾಯಿಗೆ ನುಗ್ಗುತ್ತದೆ. ಹಲ್ಲು ಕೀಳಿಸಿಕೊಂಡ ಕುರ್ಚಿಯಲ್ಲೇ ಜೀವ ಹೋದ ಪ್ರಕರಣಗಳು ಜಗತ್ತಿನ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅವರಲ್ಲಿ ಅನೇಕರು ಹತ್ತರಿಂದ ಇಪ್ಪತ್ತರೊಳಗಿನ ಮಕ್ಕಳು, ಅಲ್ಲಿಯವರೆಗೆ ಆರೋಗ್ಯವಾಗಿಯೇ ಇದ್ದವರು.

ಇಷ್ಟು ಅಪರೂಪದ ಕಾಯಿಲೆಯನ್ನು ಈ ವೇದಿಕೆಗೆ ತಂದದ್ದೇಕೆ ಎಂದು ನೀವು ಕೇಳಬಹುದು. ಈ ಸಾವು ಬಹುಪಾಲು ತಪ್ಪಿಸಬಹುದಾದ ಸಾವು, ಅದಕ್ಕೇ ತಂದೆ. ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಒಮ್ಮೆ ಮುಟ್ಟಿ, ಒಮ್ಮೆ ಆಲಿಸಿ, ಒಂದು ಚಿತ್ರ ತೆಗೆದರೆ ಸಾಕು, ಅನುಮಾನ ಹುಟ್ಟುತ್ತದೆ. ಅನುಮಾನ ಹುಟ್ಟಿದರೆ ಅರ್ಧ ಕೆಲಸ ಆದಂತೆ. ಆ ಮೊದಲ ಹೆಜ್ಜೆಗಳಿಗೆ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಅವನ್ನು ನಮ್ಮ ತಾಲ್ಲೂಕಿನಲ್ಲೇ ಇಡಬಹುದು.

ಮೊದಲು ಶರೀರದ ಸಹಜ ವ್ಯವಸ್ಥೆಯನ್ನು ನೋಡೋಣ. ತೂಬಿನಿಂದ ರಭಸವಾಗಿ ಹೊರಟ ನೀರು ಕಾಲುವೆ, ಕವಲುಗಾಲುವೆ, ಮಡಿಗಳಲ್ಲಿ ಹಂಚಿಹೋಗಿ, ಪೈರಿನ ಬುಡ ನೆನೆಸಿ, ಶಾಂತವಾಗಿ ಹಳ್ಳ ಸೇರುತ್ತದೆ. ಹೃದಯದಿಂದ ಹೊರಟ ರಕ್ತವೂ ಹಾಗೆಯೇ: ಅಪಧಮನಿಯಲ್ಲಿ ರಭಸ, ಕೂದಲಿಗಿಂತ ಸಣ್ಣ ಲೋಮನಾಳಗಳಲ್ಲಿ ಹಂಚಿಕೆ, ಅಭಿಧಮನಿಯಲ್ಲಿ ನಿಧಾನದ ಮರುಪಯಣ. ತೂಬಿಗೂ ಹಳ್ಳಕ್ಕೂ ನಡುವಿನ ಬದು ಒಡೆದರೆ ಏನಾಗುತ್ತದೆ? ಪೈರಿಗೆ ನೀರಿಲ್ಲ, ಹಳ್ಳದಲ್ಲಿ ಪ್ರವಾಹ, ಒಡೆದ ಜಾಗ ದಿನೇ ದಿನೇ ಅಗಲ. ಅಪಧಮನಿ ಮತ್ತು ಅಭಿಧಮನಿಗಳ ನಡುವೆ ಲೋಮನಾಳಗಳಿಲ್ಲದ ಜೋಡಣೆ ಹುಟ್ಟಿನಿಂದಲೇ ಇದ್ದರೆ ಆಗುವುದೂ ಇದೇ. ದವಡೆಯಲ್ಲಾದರೆ ಆ ಪ್ರವಾಹ ಮೂಳೆಯನ್ನು ಒಳಗಿನಿಂದ ಕೊರೆಯುತ್ತದೆ, ಹಲ್ಲಿನ ಬೇರನ್ನು ಸವೆಸುತ್ತದೆ.

ದವಡೆಯ ರಕ್ತನಾಳದ ಗಂಟುಗಳೆಲ್ಲ ಹೀಗೆ ಭಯಂಕರವಲ್ಲ. ಹಿಂದೆ ಇವೆಲ್ಲಕ್ಕೂ ಹೆಮಾಂಜಿಯೋಮ ಎಂಬ ಒಂದೇ ಹಣೆಪಟ್ಟಿ ಹಚ್ಚುತ್ತಿದ್ದರು. ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಮುಲ್ಲಿಕನ್ ಮತ್ತು ಜೂಲಿ ಗ್ಲೊವಾಕಿ 1982ರಲ್ಲಿ ಜೀವಕೋಶಗಳ ನಡವಳಿಕೆ ನೋಡಿ ಇವನ್ನು ಎರಡಾಗಿ ಒಡೆದರು. ಒಂದು, ಕೋಶಗಳು ನಿಜವಾಗಿ ಹೆಚ್ಚುತ್ತಾ ಬೆಳೆಯುವ ಗಡ್ಡೆ. ಇನ್ನೊಂದು, ಕೋಶಗಳು ಹೆಚ್ಚದೆ ರಚನೆಯೇ ತಪ್ಪಿರುವ ರಕ್ತನಾಳ. ಅದು ಮಗುವಿನ ಜೊತೆಜೊತೆಗೆ ಬೆಳೆಯುತ್ತದೆ, ತಾನಾಗಿ ಎಂದೂ ಹೋಗುವುದಿಲ್ಲ. ರಚನೆ ತಪ್ಪಿದವುಗಳಲ್ಲಿ ಮತ್ತೆ ಎರಡು ಬಗೆ: ಅಭಿಧಮನಿ, ಲೋಮನಾಳ, ದುಗ್ಧನಾಳಗಳ ದೋಷದಿಂದ ಬಂದ ನಿಧಾನ ಹರಿವಿನವು, ಅಪಧಮನಿ ಕೂಡಿಕೊಂಡ ವೇಗದ ಹರಿವಿನವು. 1996ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಸಂಘವೂ ಇದೇ ವಿಂಗಡಣೆಯನ್ನು ಒಪ್ಪಿಕೊಂಡಿತು. ಆ ಮೇಲೆ ವೈದ್ಯರು ಕೇಳಬೇಕಾದ ಪ್ರಶ್ನೆಯೇ ಬದಲಾಯಿತು. ಗಡ್ಡೆ ಎಷ್ಟು ದೊಡ್ಡದು ಎಂಬುದು ಹಿಂದೆ ಸರಿದು, ಒಳಗೆ ರಕ್ತ ಎಷ್ಟು ವೇಗವಾಗಿ ಓಡುತ್ತಿದೆ ಎಂಬುದು ಮುಂದೆ ಬಂತು. ಈ ಉಪನ್ಯಾಸದಲ್ಲಿ ಮುಂದೆ ಬರುವ ಪ್ರತಿಯೊಂದು ಯಂತ್ರವನ್ನೂ ಈ ಒಂದು ಪ್ರಶ್ನೆಗೆ ಅದು ಏನು ಉತ್ತರ ಕೊಡುತ್ತದೆ ಎಂಬ ದೃಷ್ಟಿಯಿಂದಲೇ ತೂಗಬೇಕು.

ಆಶಾ ಕಾರ್ಯಕರ್ತೆಯರಿಗೆ ಇಲ್ಲೊಂದು ಮಾತು. ಹಸುಗೂಸಿನ ಮುಖದ ಮೇಲೆ ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡು ಬೇಗಬೇಗ ದಪ್ಪವಾಗುವ ಕೆಂಪು ಗಡ್ಡೆ ಮೇಲೆ ಹೇಳಿದ ಮೊದಲ ಗುಂಪಿನದು. ಅದು ಹೆಚ್ಚಾಗಿ ವರ್ಷ ತುಂಬಿದ ಮೇಲೆ ತಾನೇ ಇಳಿಯತೊಡಗುತ್ತದೆ. ಆದರೆ ಆ ಕೆಂಪು ಗಂಡಸರಿಗೆ ಗಡ್ಡ ಬರುವ ಜಾಗದಲ್ಲೆಲ್ಲ, ಅಂದರೆ ಕಿವಿಯ ಮುಂದೆ, ದವಡೆಯ ಅಂಚಿಗೆ, ಗಲ್ಲಕ್ಕೆ, ಕೆಳದುಟಿಗೆ, ಕತ್ತಿನ ಮುಂಭಾಗಕ್ಕೆ ಹಬ್ಬಿದ್ದರೆ ಎಚ್ಚರವಾಗಿರಬೇಕು. ಅಂಥ ಕೂಸುಗಳಲ್ಲಿ ಉಸಿರು ನಾಳದೊಳಗೂ ಅದೇ ಗಡ್ಡೆ ಇರುವ ಸಂಭವ ಹೆಚ್ಚು. ಕೂಸು ಉಸಿರೆಳೆಯುವಾಗ ಗೊರಗೊರ ಅಥವಾ ಕೀಚಲು ಸದ್ದು ಬಂದರೆ ದೃಷ್ಟಿಯಾಗಿದೆ, ಶೀತವಾಗಿದೆ ಎಂದು ಕಾಯದೆ ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿ. ಪ್ರೊಪ್ರಾನೊಲಾಲ್ ಎಂಬ ಹಳೆಯ ಹೃದಯದ ಔಷಧ ಈ ಗಡ್ಡೆಯನ್ನು ಕರಗಿಸುತ್ತದೆ ಎಂದು ಫ್ರಾನ್ಸಿನ ಬೋರ್ಡೊ ನಗರದ ಮಕ್ಕಳ ವೈದ್ಯರು 2008ರಲ್ಲಿ ಪ್ರಕಟಿಸಿದರು. ಹೃದಯದ ತೊಂದರೆಗೆಂದು ಮಗುವಿಗೆ ಆ ಔಷಧ ಕೊಟ್ಟಿದ್ದಾಗ ಗಡ್ಡೆ ಕುಗ್ಗಿದ್ದನ್ನು ಅವರು ಗಮನಿಸಿದ್ದರು. ಇಂದು ಅದೇ ಮೊದಲ ಚಿಕಿತ್ಸೆ.

ಇನ್ನು ನೋಡುವ ಕ್ರಮಕ್ಕೆ ಬರುತ್ತೇನೆ. ಮೊದಲ ಯಂತ್ರ ವೈದ್ಯರ ಎರಡು ಬೆರಳು. ಅಲ್ಲಾಡುವ ಹಲ್ಲನ್ನು ಮೆತ್ತಗೆ ಕೆಳಕ್ಕೆ ಒತ್ತಿ ಬಿಡಿ. ಅದು ಗೂಡಿನೊಳಗೆ ಇಳಿದು, ಬಿಟ್ಟ ಕೂಡಲೇ ತಾನೇ ಮೇಲೆದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಹಲ್ಲಿನ ಕುತ್ತಿಗೆಯ ಸುತ್ತ ವಸಡಿನಿಂದ ಕಾರಣವಿಲ್ಲದೆ ಪದೇ ಪದೇ ರಕ್ತ ಜಿನುಗುವುದು, ಆ ಬದಿಯ ಕೆನ್ನೆ ಇನ್ನೊಂದು ಬದಿಗಿಂತ ಬೆಚ್ಚಗಿರುವುದು, ಬೆರಳಿಗೆ ನಾಡಿಯಂತೆ ಮಿಡಿತ ಸಿಗುವುದು, ಕೆಳದುಟಿ ಜೋಮು ಹಿಡಿದಿರುವುದು, ಇವೆಲ್ಲ ಗುರುತುಗಳೇ. ಆಮೇಲೆ ಸ್ಟೆತಾಸ್ಕೋಪನ್ನು ದವಡೆಯ ಮೇಲಿಡಿ. ಲೆನೆಕ್ 1816ರಲ್ಲಿ ಪ್ಯಾರಿಸ್ಸಿನಲ್ಲಿ ಕಂಡುಹಿಡಿದ ಈ ಸಾಧನ ಇನ್ನೂರು ವರ್ಷಗಳಾದ ಮೇಲೂ ದಂತ ವೈದ್ಯರ ಮೇಜಿನ ಮೇಲೆ ಅಪರೂಪ. ಇದು ನನಗೆ ಬಹಳ ನೋವಿನ ಸಂಗತಿ. ವೇಗದ ಹರಿವಿದ್ದರೆ ಹೃದಯದ ತಾಳಕ್ಕೆ ತಕ್ಕಂತೆ ‘ಭುಸ್ ಭುಸ್’ ಎಂಬ ಸದ್ದು ಕೇಳುತ್ತದೆ. ಕೆಲವು ಮಕ್ಕಳು ರಾತ್ರಿ ಆ ಬದಿಗೆ ತಲೆದಿಂಬಿಗೊರಗಿದಾಗ ಕಿವಿಯಲ್ಲಿ ಏನೋ ಸದ್ದು ಬರುತ್ತದೆ ಎನ್ನುತ್ತಾರೆ. ಅಮ್ಮಂದಿರು ಅದನ್ನು ನಿರ್ಲಕ್ಷಿಸಬಾರದು.

ನಿಧಾನ ಹರಿವಿನ ಗಂಟಿನ ಚಹರೆ ಬೇರೆ. ಅದು ಮೆತ್ತಗೆ, ನೀಲಿಛಾಯೆ. ಒತ್ತಿದರೆ ತಗ್ಗುತ್ತದೆ, ಮಿಡಿಯುವುದಿಲ್ಲ. ತಲೆ ಕೆಳಗೆ ಬಾಗಿಸಿದರೆ ಉಬ್ಬುತ್ತದೆ. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಗಂಟೆಗಟ್ಟಲೆ ಮಗ್ಗದ ಮೇಲೆ ಬಾಗಿ ಕೂರುವ ಜನ. “ನೇಯುವಾಗ ಕೆನ್ನೆ ತುಂಬಿಕೊಳ್ಳುತ್ತೆ, ಎದ್ದು ಕೂತರೆ ಇಳಿಯುತ್ತೆ” ಎಂದು ಅವರಲ್ಲಿ ಯಾರಾದರೂ ಹೇಳಿದರೆ ಆ ಒಂದು ವಾಕ್ಯದಲ್ಲೇ ರೋಗ ಅರ್ಧ ಪತ್ತೆಯಾಯಿತು. ಅಗಿಯುವ ಸ್ನಾಯುವಿನೊಳಗೆ ಇಂಥ ಗಂಟಿದ್ದರೆ ಹಲ್ಲು ಬಿಗಿಹಿಡಿದಾಗ ಮಾತ್ರ ಅದು ಎದ್ದು ಕಾಣುತ್ತದೆ. ಒಳಗೆ ನಿಂತ ರಕ್ತ ಹೆಪ್ಪುಗಟ್ಟಿ, ಸುಣ್ಣ ಕೂಡಿ, ಸಣ್ಣ ಕಲ್ಲುಗಳಾಗುವುದುಂಟು. ಎಕ್ಸ್-ರೇಯಲ್ಲಿ ಅವು ಒಂದರೊಳಗೊಂದು ಬಳೆಯಿಟ್ಟಂತೆ ದುಂಡಗೆ ಕಾಣುತ್ತವೆ. ಜೊಲ್ಲುಗ್ರಂಥಿಯ ಕಲ್ಲು ಎಂದು ಭ್ರಮಿಸಿ ಕೊಯ್ಯಲು ಹೋಗುವುದು ಇಲ್ಲಿಯೇ. ಜೊಲ್ಲಿನ ಕಲ್ಲು ನಾಳದ ದಾರಿಯಲ್ಲಿ ಉದ್ದುದ್ದವಾಗಿರುತ್ತದೆ, ಊಟದ ಹೊತ್ತಿಗೆ ನೋವು ಕೊಡುತ್ತದೆ, ಇದು ಹಾಗಲ್ಲ.

ಎಕ್ಸ್-ರೇ ಮಾತು ಬಂತು. ರಾಂಟ್ಜೆನ್ 1895ರ ನವೆಂಬರ್ 8ರಂದು ಆ ಕಿರಣವನ್ನು ಗುರುತಿಸಿದರು. 1896ರ ಜನವರಿಯಲ್ಲೇ ಜರ್ಮನಿಯ ದಂತ ವೈದ್ಯ ಒಟ್ಟೊ ವಾಲ್ಕಾಫ್ ಬಾಯಲ್ಲಿ ಫೋಟೊ ಫಲಕವಿಟ್ಟುಕೊಂಡು, 25 ನಿಮಿಷ ಅಲ್ಲಾಡದೆ, ತನ್ನದೇ ಹಲ್ಲಿನ ಚಿತ್ರ ತೆಗೆದುಕೊಂಡರು. ಅದೇ ತಿಂಗಳು ವಿಯೆನ್ನಾದಲ್ಲಿ ಹಾಷೆಕ್ ಮತ್ತು ಲಿಂಡೆಂಥಾಲ್ ಎಂಬಿಬ್ಬರು ಶವದ ಕೈಯೊಂದರ ನಾಳಗಳಿಗೆ ಸುಣ್ಣ ಬೆರೆತ ದ್ರವ ತುಂಬಿ ರಕ್ತನಾಳಗಳ ಮೊದಲ ಎಕ್ಸ್-ರೇ ಚಿತ್ರ ತೆಗೆದರು. ನೋಡಿ, ಹಲ್ಲಿನ ಚಿತ್ರವೂ ರಕ್ತನಾಳದ ಚಿತ್ರವೂ ಒಂದೇ ತಿಂಗಳಲ್ಲಿ ಹುಟ್ಟಿದವು.

ಇಂದು ದವಡೆಯನ್ನೆಲ್ಲ ಒಂದೇ ಚಿತ್ರದಲ್ಲಿ ಬಿಡಿಸಿ ತೋರಿಸುವ ಓಪಿಜಿ ಇದೆ. ವೇಗದ ಹರಿವಿನ ಗಂಟು ಅದರಲ್ಲಿ ಹಲವು ವೇಷ ಹಾಕುತ್ತದೆ. ಜೇನುಗೂಡಿನಂತೆ ಅಥವಾ ಸೋಪಿನ ನೊರೆಯಂತೆ ಕಪ್ಪು ಕೋಣೆಗಳು ಕಾಣಬಹುದು. ಹಲ್ಲಿನ ಬೇರು ಕತ್ತರಿಸಿಟ್ಟಂತೆ ಮೊಂಡಾಗಿರಬಹುದು. ಕೆಳದವಡೆಯೊಳಗೆ ನರ ಮತ್ತು ಅಪಧಮನಿ ಸಾಗುವ ಕಾಲುವೆ ಒಂದು ಬದಿಯಲ್ಲಿ ಅಗಲವಾಗಿ, ಸೊಟ್ಟಗೆ ಸುತ್ತಿಕೊಂಡಿದ್ದರೆ ನಾನು ಉಳಿದೆಲ್ಲ ಗುರುತಿಗಿಂತ ಅದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಆದರೆ ಓಪಿಜಿಗೆ ರಕ್ತದ ಓಟ ಕಾಣದು. ಅಮೆಲೊಬ್ಲಾಸ್ಟೋಮ ಎಂಬ ಹಲ್ಲಿನ ಮೂಲದ ಗಡ್ಡೆ, ದೈತ್ಯಕೋಶದ ಗಡ್ಡೆ, ರಕ್ತ ತುಂಬಿದ ಮೂಳೆಯ ಚೀಲ, ಇವುಗಳೂ ಅದೇ ಜೇನುಗೂಡಿನ ವೇಷದಲ್ಲಿ ಬರುತ್ತವೆ. ಕೆಲವೊಮ್ಮೆ ಚಿತ್ರ ಪೂರ್ತಿ ಸಹಜವಾಗಿಯೇ ಇರುತ್ತದೆ. ಆದ್ದರಿಂದ ಓಪಿಜಿ ಅನುಮಾನ ಹುಟ್ಟಿಸುತ್ತದೆ, ತೀರ್ಪು ಕೊಡುವುದಿಲ್ಲ.

ಈ ಸೀಮೆಗೇ ಸಂಬಂಧಪಟ್ಟ ಇನ್ನೊಂದು ತೊಡಕಿದೆ. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ನಿಮಗೆ ಗೊತ್ತು. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ನೋಡಿ ನೋಡಿ ನಮಗೆ ಬಾಯಿಯ ಯಾವ ತೊಂದರೆಯನ್ನೂ “ಎಲ್ಲಾ ನೀರಿಂದು” ಎಂದುಬಿಡುವ ಅಭ್ಯಾಸವಾಗಿದೆ. ಫ್ಲೋರೈಡ್ ಹಲ್ಲಿಗೆ ಕಲೆ ಹಚ್ಚುತ್ತದೆ, ಗುಳಿ ಬೀಳಿಸುತ್ತದೆ. ಹನ್ನೆರಡು ವರ್ಷದ ಹುಡುಗಿಯ ಒಂದೇ ಒಂದು ದವಡೆಹಲ್ಲನ್ನು ಮಿಡಿಯುವಂತೆ ಮಾಡುವುದಿಲ್ಲ. ಶಿಕ್ಷಕರೆ, ಬಾಯಿಯ ಒಂದೇ ಬದಿಯ ತೊಂದರೆ ಹೇಳುವ ಮಗುವನ್ನು ದಯವಿಟ್ಟು ನೀರಿನ ಲೆಕ್ಕಕ್ಕೆ ಸೇರಿಸಬೇಡಿ. ಎಕ್ಸ್-ರೇ ಎಂದರೆ ಹೆದರುವ ತಾಯಂದಿರಿಗೂ ಹೇಳಿ: ಒಂದು ಓಪಿಜಿಯಿಂದ ಬರುವ ವಿಕಿರಣ ನೆಲ, ಗಾಳಿ, ಆಕಾಶಗಳಿಂದ ಎಲ್ಲರಿಗೂ ಕೆಲವೇ ದಿನಗಳಲ್ಲಿ ಸಹಜವಾಗಿ ಬರುವಷ್ಟು ಮಾತ್ರ.

ಅನುಮಾನ ಬಂದ ಮೇಲಿನ ಹೆಜ್ಜೆ ಕಲರ್ ಡಾಪ್ಲರ್. ಬಸುರಿಯರಿಗೆ ಮಾಡುವ ಅದೇ ಸ್ಕ್ಯಾನಿಂಗ್ ಯಂತ್ರ; ವಿಕಿರಣವಿಲ್ಲ, ಸೂಜಿಯಿಲ್ಲ. ಚಲಿಸುವ ಮೂಲದಿಂದ ಬಂದ ಅಲೆಯ ಆವರ್ತನ ಬದಲಾಗುತ್ತದೆಂದು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬೆಳಕಿನ ಬಗ್ಗೆ ಹೇಳಿದ್ದನ್ನೇ ಇಲ್ಲಿ ಓಡುವ ರಕ್ತಕಣಗಳಿಗೆ ಹಚ್ಚಿದ್ದಾರೆ. ಮೂಳೆಯ ಒಳಗನ್ನು ಅಲ್ಟ್ರಾಸೌಂಡ್ ಕಾಣದು ಎಂಬ ಆಕ್ಷೇಪ ನಿಜ. ಆದರೂ ದಾರಿಯಿದೆ. ಪ್ರವಾಹ ಹೊರಗೋಡೆಯನ್ನು ತೆಳುವಾಗಿಸಿದ ಕಡೆ ಬಣ್ಣ ಕಾಣಿಸಿಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ದವಡೆಗೆ ರಕ್ತ ಹೊತ್ತು ತರುವ ನಾಳ ಕುತ್ತಿಗೆಯಲ್ಲೇ ಸಿಗುತ್ತದೆ. ಮುಖಕ್ಕೆ ಹೋಗುವ ಹೊರ ಕೆರಾಟಿಡ್ ಅಪಧಮನಿಯಲ್ಲಿ ಸಾಮಾನ್ಯವಾಗಿ ಹೃದಯ ಬಡಿದಾಗ ರಕ್ತ ಚಿಮ್ಮಿ, ಎರಡು ಬಡಿತಗಳ ನಡುವೆ ಬಹುತೇಕ ನಿಂತಂತಾಗುತ್ತದೆ. ದವಡೆಯಲ್ಲಿ ಬದು ಒಡೆದಿದ್ದರೆ ಆ ಬದಿಯಲ್ಲಿ ರಕ್ತಕ್ಕೆ ತಡೆಯೇ ಇಲ್ಲ; ನಡುವಿನ ವಿರಾಮದಲ್ಲೂ ಅದು ಓಡುತ್ತಲೇ ಇರುತ್ತದೆ. ಎಡ ಬಲ ಎರಡನ್ನೂ ಹೋಲಿಸಿ ಗೆರೆ ತೆಗೆದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸ. ಕೇಳಬೇಕು, ಅಷ್ಟೇ. ಚೀಟಿಯಲ್ಲಿ ‘ದವಡೆ ಊತ, ಸ್ಕ್ಯಾನ್ ಮಾಡಿ’ ಎಂದು ಬರೆದರೆ ಸ್ಕ್ಯಾನಿಂಗ್ ವೈದ್ಯರು ಊತವನ್ನಷ್ಟೇ ನೋಡಿ ಕಳಿಸುತ್ತಾರೆ. ‘ವೇಗದ ಹರಿವಿದೆಯೆ? ಎರಡೂ ಹೊರ ಕೆರಾಟಿಡ್ ಹೋಲಿಸಿ’ ಎಂದು ಬರೆಯಿರಿ.

ಡಾಪ್ಲರ್ ವೇಗ ಹೇಳಿತು. ಮೂಳೆ ಎಷ್ಟು ಹೋಗಿದೆ, ಯಾವ ಯಾವ ಕವಲು ರಕ್ತ ಪೂರೈಸುತ್ತಿದೆ ಎಂದು ತಿಳಿಯಲು ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋ ಬೇಕು. ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಸಿಟಿಯ ಕಥೆಗೂ ಈ ನೆಲಕ್ಕೂ ನಂಟಿದೆ. ಮೊದಲ ರೋಗಿಯ ಸಿಟಿ ಚಿತ್ರವನ್ನು ಇಂಗ್ಲೆಂಡಿನಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಯಂತ್ರ 1971ರ ಅಕ್ಟೋಬರ್ 1ರಂದು ತೆಗೆಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಅಲನ್ ಕಾರ್ಮ್ಯಾಕ್ ಅವರಿಗೆ ನೊಬೆಲ್ ಬಂತು. ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮಿನಾರಾಯಣನ್ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಸಮಸ್ಯೆ ಹೀಗಿತ್ತು. ಎಕ್ಸ್-ರೇ ಒಂದು ಗೆರೆಯುದ್ದಕ್ಕೂ ಇರುವುದನ್ನೆಲ್ಲ ಕೂಡಿ ಒಂದೇ ಮೊತ್ತವಾಗಿ ಹೇಳುತ್ತದೆ. ಸುತ್ತಲಿನ ನೂರಾರು ಕೋನಗಳಿಂದ ಇಂಥ ಮೊತ್ತಗಳನ್ನು ಸಂಗ್ರಹಿಸಿ ಅವನ್ನೇ ಹಿಂದಕ್ಕೆ ಹರಡಿದರೆ ಚಿತ್ರ ಸಿಗುತ್ತದೆ, ಆದರೆ ಮಸುಕು ಮಸುಕು. ಮಸುಕು ತೆಗೆಯಲು ಆಗ ಫೂರಿಯೆ ರೂಪಾಂತರ ಎಂಬ ದೊಡ್ಡ ಲೆಕ್ಕ ಮಾಡಬೇಕಿತ್ತು. ಅಂದಿನ ಕಂಪ್ಯೂಟರುಗಳಿಗೆ ಅದು ಭಾರ. ಹರಡುವ ಮೊದಲೇ ಪ್ರತಿ ಮೊತ್ತದ ಸಾಲನ್ನೂ ಒಂದು ಸರಳ ಗಣಿತ ಸೂತ್ರದಿಂದ ಸೋಸಿಬಿಟ್ಟರೆ ಸಾಕು, ಅಂಚುಗಳು ಚುರುಕಾಗುತ್ತವೆ, ಲೆಕ್ಕ ಹಗುರವಾಗುತ್ತದೆ ಎಂದು ಇವರಿಬ್ಬರೂ ತೋರಿಸಿದರು. ರೇಡಿಯೊ ಖಗೋಳ ವಿಜ್ಞಾನದಲ್ಲಿ ಬ್ರೇಸ್‌ವೆಲ್ ಮತ್ತು ರಿಡಲ್ 1967ರಲ್ಲೇ ಇಂಥದೇ ಉಪಾಯ ಹೇಳಿದ್ದರು. ಎರಡು ಬೇರೆ ಬೇರೆ ಹಾದಿಗಳು ಒಂದೇ ಕಡೆ ಸೇರಿದವು. ಆಮೇಲಿನ ದಶಕಗಳ ಸಿಟಿ ಯಂತ್ರಗಳು ಈ ಸೋಸಿ ಹರಡುವ ದಾರಿಯಲ್ಲೇ ನಡೆದವು. ಆ ಸೂತ್ರವನ್ನು ಜಗತ್ತು ಇಂದಿಗೂ ‘ರಾಮ್-ಲಾಕ್’ ಎಂದೇ ಕರೆಯುತ್ತದೆ, ಇಬ್ಬರ ಹೆಸರಿನ ಮೊದಲಕ್ಷರಗಳಿಂದ.

ಆ ಇಬ್ಬರಿದ್ದ ಭಾರತೀಯ ವಿಜ್ಞಾನ ಸಂಸ್ಥೆಯ ಇನ್ನೊಂದು ಆವರಣ ಇರುವುದು ಎಲ್ಲಿ? ಇದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಸುಮಾರು 1500 ಎಕರೆಯಲ್ಲಿ. ಅದಕ್ಕಾಗಿ ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲು ಹೋದ ನೋವು ಕುರಿ ದನ ಮೇಯಿಸುವ ನಮ್ಮ ಜನಕ್ಕೆ ಇನ್ನೂ ಆರಿಲ್ಲ. ಆ ನೋವು ನ್ಯಾಯವಾದದ್ದು. ಅದೇ ಆವರಣದಲ್ಲಿ ವಿಜ್ಞಾನ ಶಿಕ್ಷಕರ ತರಬೇತಿ ಕೇಂದ್ರವೂ ನಡೆಯುತ್ತಿದೆ. ಈ ಸಭೆಯಲ್ಲಿರುವ ಯಾರಾದರೂ ಶಿಕ್ಷಕರು ಅಲ್ಲಿ ಕಲಿತು ಬಂದಿದ್ದರೆ ನನ್ನದೊಂದು ಬೇಡಿಕೆ: ನಿಮ್ಮ ಮಕ್ಕಳಿಗೆ ರಾಮಚಂದ್ರನ್ ಮತ್ತು ಲಕ್ಷ್ಮಿನಾರಾಯಣನ್ ಅವರ ಹೆಸರು ಹೇಳಿ. ಬಳ್ಳಾರಿಯಲ್ಲೋ ದಾವಣಗೆರೆಯಲ್ಲೋ ನಮ್ಮೂರ ಹುಡುಗನೊಬ್ಬ ಸಿಟಿ ಯಂತ್ರದೊಳಗೆ ಮಲಗಿದಾಗ ಅವನ ದವಡೆಯ ಚಿತ್ರವನ್ನು ಕಟ್ಟುವ ಗಣಿತದಲ್ಲಿ ಬೆಂಗಳೂರಿನ ಆ ಇಬ್ಬರ ಪಾಲಿದೆ ಎಂದು ಮಕ್ಕಳಿಗೆ ತಿಳಿಯಲಿ.

ಈಚೆಗೆ ದಂತ ಚಿಕಿತ್ಸಾಲಯಗಳಲ್ಲಿ ಸಿಬಿಸಿಟಿ ಎಂಬ ಚಿಕ್ಕ ಸಿಟಿ ಬಂದಿದೆ. ಹಲ್ಲಿನ ಬೇರು, ಮೂಳೆಯ ಸಣ್ಣ ವಿವರಗಳಿಗೆ ಅದು ಬಹಳ ಒಳ್ಳೆಯದು. ಆದರೆ ಮೆದು ಅಂಗಾಂಶ, ರಕ್ತನಾಳಗಳನ್ನು ಅದು ಬಿಡಿಸಿ ತೋರಿಸಲಾರದು. ರಕ್ತನಾಳದ ಅನುಮಾನಕ್ಕೆ ಸಿಬಿಸಿಟಿ ಮಾಡಿಸಿ ಬಡವರ ಹಣ ಕಳೆಯಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅದೇ ಹಣದಲ್ಲಿ ಡಾಪ್ಲರ್ ಮಾಡಿಸಿದರೆ ಉತ್ತರ ಸಿಗುತ್ತದೆ.

ಡಾಪ್ಲರಿನಲ್ಲಿ ನಿಧಾನದ ಹರಿವು ಎಂದು ಬಂದರೆ ಮುಂದಿನ ಯಂತ್ರ ಎಂಆರ್‌ಐ. ನಿಂತಂತಿರುವ ರಕ್ತ ಅದರ ಕೆಲವು ಚಿತ್ರಗಳಲ್ಲಿ ಬೆಳ್ಳಗೆ ಹೊಳೆಯುತ್ತದೆ. ಗಂಟು ಸ್ನಾಯುವಿನೊಳಗೆ, ನಾಲಿಗೆಯೊಳಗೆ ಎಲ್ಲಿವರೆಗೆ ಹಬ್ಬಿದೆ ಎಂದು ಒಂದು ನೋಟಕ್ಕೆ ತಿಳಿಯುತ್ತದೆ. ವೇಗವಾಗಿ ಓಡುವ ರಕ್ತ ತನ್ನ ಸಂಕೇತ ಕೊಡುವ ಮೊದಲೇ ಮುಂದೆ ಹೋಗಿಬಿಡುವುದರಿಂದ ಆ ಜಾಗದಲ್ಲಿ ಕಪ್ಪು ಸುರುಳಿಗಳು ಮೂಡುತ್ತವೆ. ಕಪ್ಪು ಸುರುಳಿ ಕಂಡ ಮೇಲೆ, ಆ ಹರಿವನ್ನು ಮುಚ್ಚುವವರೆಗೆ, ಯಾರೂ ಆ ದವಡೆಗೆ ಚಾಕು ಸೋಕಿಸಬಾರದು. ಕೊನೆಯದು ಡಿಎಸ್ಎ. ತೊಡೆಸಂದಿಯ ಅಥವಾ ಮಣಿಕಟ್ಟಿನ ಅಪಧಮನಿಯಿಂದ ಸಣ್ಣ ನಳಿಕೆ ತೂರಿಸಿ, ಕುತ್ತಿಗೆ ದಾಟಿ, ದವಡೆಯ ಕವಲಿನವರೆಗೆ ಒಯ್ದು, ಅಯೋಡಿನ್ ದ್ರವ ಬಿಟ್ಟು, ಮೂಳೆಯ ನೆರಳನ್ನು ಕಳೆದು ರಕ್ತನಾಳವನ್ನಷ್ಟೇ ತೋರಿಸುವ ಪರೀಕ್ಷೆ. ಪೋರ್ಚುಗಲ್ಲಿನ ಎಗಾಸ್ ಮೊನಿಝ್ 1927ರಲ್ಲಿ ಮಿದುಳಿನ ರಕ್ತನಾಳಗಳನ್ನು ಎಕ್ಸ್-ರೇಯಲ್ಲಿ ಮೊದಲು ಕಂಡರು. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಸೂಜಿಯ ದಾರಿಯಲ್ಲೇ ನಳಿಕೆ ಇಳಿಸುವ ಸುರಕ್ಷಿತ ವಿಧಾನ ಹೇಳಿಕೊಟ್ಟರು. ರೋಗ ಖಚಿತವಾಗಿ ಚಿಕಿತ್ಸೆಗೆ ಇಳಿಯುವ ದಿನ ಮಾತ್ರ ಡಿಎಸ್ಎ ಮಾಡಬೇಕು. ಅದೇ ನಳಿಕೆಯಿಂದ ಅಂಟುದ್ರವವನ್ನೋ ಕಣಗಳನ್ನೋ ಕಳಿಸಿ ಒಡೆದ ಜಾಗವನ್ನೇ ಮುಚ್ಚಬಹುದು. ಹಾಗೆ ಮುಚ್ಚಿ ಒಂದೆರಡು ದಿನಗಳೊಳಗೆ ಶಸ್ತ್ರಚಿಕಿತ್ಸೆ ಮಾಡುವುದುಂಟು. ಕೆಲವರಲ್ಲಿ ಅಂಟುದ್ರವವನ್ನು ಮೂಳೆಯ ಒಳಗೇ ತುಂಬಿ ಇಡೀ ದವಡೆಯನ್ನು ಉಳಿಸಿಕೊಂಡದ್ದೂ ಇದೆ. ಹದಿಹರೆಯದ ಮಗುವಿಗೆ ದವಡೆ ಉಳಿಯುವುದೆಂದರೆ ಮುಖ ಉಳಿಯುವುದು, ಊಟ ಉಳಿಯುವುದು, ಮಾತು ಉಳಿಯುವುದು.

ಈಗ ಮಾಡಬಾರದ ಎರಡು ಕೆಲಸ. ಚಿತ್ರ ತೆಗೆಯದೆ ದವಡೆಯ ಗಂಟಿನ ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬಾರದು. ಮೂಳೆಯೊಳಗಿನ ಯಾವ ಕಪ್ಪು ಕೋಣೆಗೂ ಮೊದಲು ಸೂಜಿಯಿಂದ ಹೀರಿ ನೋಡಬೇಕೆಂದು ನಮಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಕೆಂಪು ರಕ್ತ ತಾನೇ ಸಿರಿಂಜನ್ನು ತಳ್ಳಿಕೊಂಡು ಬಂದರೆ ಅಲ್ಲಿಗೆ ಕೈಬಿಡಬೇಕು. ಆದರೆ ಮಿಡಿತ, ಸದ್ದು, ಏಳುಬೀಳುವ ಹಲ್ಲು ಇದ್ದ ಮೇಲೆ ಸೂಜಿಯನ್ನೂ ಹಾಕದೆ ಡಾಪ್ಲರಿಗೆ ಕಳಿಸುವುದೇ ಲೇಸು. ಎರಡನೆಯದು, ರಕ್ತ ನಿಲ್ಲಿಸುವ ಆತುರದಲ್ಲಿ ಕುತ್ತಿಗೆಯ ಹೊರ ಕೆರಾಟಿಡ್ ಅಪಧಮನಿಯನ್ನು ಕಟ್ಟಿಬಿಡುವುದು. ಹಿಂದೆ ಇದು ರೂಢಿಯಲ್ಲಿತ್ತು. ಮುಖದ ನಾಳಗಳು ಎಡ ಬಲ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ತೂಬು ಮುಚ್ಚಿದರೆ ಇನ್ನೊಂದು ಕಡೆಯಿಂದ ಪ್ರವಾಹ ಬರುತ್ತದೆ. ಜೊತೆಗೆ ಮುಂದೆ ನಳಿಕೆ ಒಯ್ಯಬೇಕಾದ ಹೆದ್ದಾರಿಯನ್ನೇ ನಾವು ಮುಚ್ಚಿರುತ್ತೇವೆ. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು.

ತಿಳಿಯದೆ ಹಲ್ಲು ಕಿತ್ತು ರಕ್ತ ನುಗ್ಗಿತು ಎನ್ನಿ. ಕಿತ್ತ ಹಲ್ಲನ್ನು ತಕ್ಷಣ ಅದೇ ಗೂಡಿಗೆ ವಾಪಸ್ ಕೂರಿಸಿ, ಮೇಲೆ ಗಾಜ್ ಇಟ್ಟು, ಬೆರಳಿನಿಂದ ಬಲವಾಗಿ ಒತ್ತಿಹಿಡಿಯಿರಿ ಅಥವಾ ರೋಗಿಗೆ ಬಿಗಿಯಾಗಿ ಕಚ್ಚಿಕೊಳ್ಳಲು ಹೇಳಿ. ರಕ್ತ ಗಂಟಲಿಗೆ ಇಳಿಯದಂತೆ ಮುಂದಕ್ಕೆ ಬಾಗಿಸಿ ಕೂರಿಸಿ. ಕೈ ತೆಗೆದು ತೆಗೆದು ನೋಡಬೇಡಿ. 108ಕ್ಕೆ ಫೋನ್ ಹೋಗಲಿ, ರಕ್ತನಿಧಿಯಿರುವ ಆಸ್ಪತ್ರೆಗೆ ಮುಂಚಿತವಾಗಿ ವಿಷಯ ತಿಳಿಸಲಿ. ಒತ್ತಿಹಿಡಿದ ಕೈ ದಾರಿಯುದ್ದಕ್ಕೂ ಹಾಗೇ ಇರಲಿ.

ಹುಟ್ಟಿನಿಂದ ಬಂದದ್ದಲ್ಲದ, ಗಾಯದಿಂದ ಬರುವ ಇನ್ನೊಂದು ಗಂಟನ್ನು ಹೇಳದೆ ಹೋದರೆ ಈ ಸೀಮೆಗೆ ಅನ್ಯಾಯ. ಮ್ಯಾಸಬೇಡರ ದೇವರ ಎತ್ತುಗಳ ನಾಡು ನಮ್ಮದು; ಹಟ್ಟಿಗಳಲ್ಲಿ ದನದ ಕೊಂಬು ತಾಗುವುದುಂಟು. ಹೆದ್ದಾರಿಯಲ್ಲಿ ಬೈಕು ಬೀಳುವುದಂತೂ ನಿತ್ಯದ ಮಾತು. ದವಡೆಗೆ ಪೆಟ್ಟು ಬಿದ್ದಾಗ ಅಪಧಮನಿಯ ಗೋಡೆ ಹರಿದು, ರಕ್ತ ಹೊರಗೆ ಬಂದು, ಸುತ್ತಲ ಅಂಗಾಂಶವೇ ಚೀಲವಾಗಿ ನಿಲ್ಲಬಹುದು. ಗಾಯ ಒಣಗಿ ಕೆಲವು ವಾರಗಳಾದ ಮೇಲೆ ಕೆನ್ನೆಯಲ್ಲೋ ದವಡೆಯ ಅಂಚಿನಲ್ಲೋ ಊತ ಏಳುತ್ತದೆ. ನಂಜಾಗಿದೆ, ಕೀವಾಗಿದೆ ಎಂದು ಬ್ಲೇಡು ಹಾಕಲು ಹೊರಡುವುದು ಇಲ್ಲಿಯೇ. ಕೀವಿನ ಬಾವು ಮಿಡಿಯುವಂತೆ ನೋಯುತ್ತದೆ ಹೊರತು ಮುಟ್ಟಿದ ಬೆರಳನ್ನು ಎತ್ತುವುದಿಲ್ಲ. ಈ ಚೀಲ ಎತ್ತುತ್ತದೆ. ಡಾಪ್ಲರಿನಲ್ಲಿ ಚೀಲದ ಅರ್ಧ ಕೆಂಪು, ಅರ್ಧ ನೀಲಿಯಾಗಿ ರಕ್ತ ಒಳಗೇ ಸುತ್ತುವುದು ಸ್ಪಷ್ಟವಾಗಿ ಕಾಣುತ್ತದೆ. ಪೆಟ್ಟಿನ ನಂತರ ಎದ್ದ ದವಡೆಯ ಊತವನ್ನು ಡಾಪ್ಲರ್ ಇಲ್ಲದೆ ಕೊಯ್ಯಬಾರದು ಎಂದು ಪ್ರತಿ ತಾಲ್ಲೂಕು ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ಬರೆದು ಅಂಟಿಸಿದರೆ ನನಗೆ ಸಂತೋಷ.

ದಾರಿಯ ಮಾತು. ಮೊಳಕಾಲ್ಮೂರು, ರಾಂಪುರದವರಿಗೆ ಬಳ್ಳಾರಿ ಹತ್ತಿರ. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಸರ್ಕಾರಿ ದಂತ ಕಾಲೇಜೂ ಇವೆ. ಚಳ್ಳಕೆರೆಯವರು ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೂ ದಾವಣಗೆರೆಯ ದಂತ ಕಾಲೇಜುಗಳಿಗೂ ಹೋಗುತ್ತಾರೆ. ನಳಿಕೆಯಿಂದ ಮುಚ್ಚುವ ಚಿಕಿತ್ಸೆಗೆ ಸಾಮಾನ್ಯವಾಗಿ ಬೆಂಗಳೂರೇ ಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರ ತರದೆ ನೇರ ಬೆಂಗಳೂರಿಗೆ ಹೋಗಿ, ಕೌಂಟರಿನಿಂದ ಹಿಂದಿರುಗಿ, ಶೇಂಗಾ ಮಾರಿದ ಹಣವನ್ನೆಲ್ಲ ಬಸ್ಸು ಲಾಡ್ಜಿಗೆ ಸುರಿಯುವ ಕುಟುಂಬಗಳ ಬಗ್ಗೆ ನನಗೆ ಸಂಕಟವಿದೆ. ಪತ್ರ ಬರೆಯುವ ವೈದ್ಯರು ನಾಲ್ಕೇ ಸಾಲು ಬರೆದರೂ ಸಾಕು: ಎಂದಿನಿಂದ ಇದೆ, ಮಿಡಿಯುತ್ತದೆಯೆ, ಸದ್ದಿದೆಯೆ, ಡಾಪ್ಲರ್ ಏನು ಹೇಳಿತು. ಮೇಲೆ ಕೆಂಪು ಶಾಯಿಯಲ್ಲಿ ‘ಹಲ್ಲು ಕೀಳಬೇಡಿ, ಬಯಾಪ್ಸಿ ಬೇಡ’ ಎಂದು ಬರೆಯಿರಿ. ಮುಂದಿನ ಆಸ್ಪತ್ರೆಯ ಕಿರಿಯ ವೈದ್ಯರ ಕೈಯನ್ನು ಆ ಒಂದು ಸಾಲು ತಡೆಯುತ್ತದೆ.

ಚಿಕಿತ್ಸೆ ಆದ ಮೇಲೂ ವೇಗದ ಹರಿವಿನ ಗಂಟು ಮರಳಬಹುದು. ಹೆಣ್ಣುಮಕ್ಕಳಲ್ಲಿ ಮೈನೆರೆದಾಗ, ಬಸುರಿಯಾದಾಗ ಅದು ದೊಡ್ಡದಾಗುವುದುಂಟು. ಆದ್ದರಿಂದ ಮದುವೆಯ ಮಾತುಕತೆಯಲ್ಲಿ ಮುಚ್ಚಿಡದೆ, ಬಸುರಾದ ಕೂಡಲೇ ಆಸ್ಪತ್ರೆಯ ತಾಯಿ ಕಾರ್ಡಿನಲ್ಲಿ ಬರೆಸಬೇಕು. ಹೆರಿಗೆ ಎಲ್ಲಿ ಎಂದು ಮೊದಲೇ ನಿಶ್ಚಯಿಸಬೇಕು. ಮೇಲ್ವಿಚಾರಣೆಗೆ ಪ್ರತಿ ಸಲ ಬೆಂಗಳೂರು ಬೇಡ. ತಜ್ಞರು ಹೇಳಿದ ಅಂತರದಲ್ಲಿ ಹತ್ತಿರದ ಡಾಪ್ಲರ್ ಸಾಕಾಗುವುದೇ ಹೆಚ್ಚು. ಆದರೆ ಹಳೆಯ ಚಿತ್ರವಿಲ್ಲದೆ ಹೊಸ ಚಿತ್ರ ಅರ್ಧ ಮೂಕ. ಫಿಲ್ಮು, ಸಿಡಿ, ವರದಿಗಳನ್ನು ಮನೆಯವರು ರೇಷನ್ ಕಾರ್ಡು, ಜಮೀನಿನ ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಲಿ; ಪ್ರತಿ ಭೇಟಿಗೂ ಮೊದಲ ದಿನದ ಡಾಪ್ಲರ್ ಗೆರೆಯನ್ನು ಕೂಡ ತರಲಿ. ಹೊರ ಕೆರಾಟಿಡ್‌ನ ಆ ಗೆರೆ ಮತ್ತೆ ವಿರಾಮವಿಲ್ಲದೆ ಓಡತೊಡಗಿದೆ ಎಂದು ಕಂಡ ದಿನವೇ ಬೆಂಗಳೂರಿಗೆ ಫೋನ್ ಮಾಡಬೇಕು.